ಪ್ಲಾಸ್ಮಾ ವಾಟರ್ ಟೇಬಲ್ ಸೋರಿದರೆ: ವೆಲ್ಡಿಂಗ್, ಎಪಾಕ್ಸಿ, ಪಿಯು ಸೀಲಂಟ್, ಫೈಬರ್ – ಯಾವುದನ್ನು ಯಾವಾಗ ಆರಿಸಬೇಕು?

ಪ್ಲಾಸ್ಮಾ ಕಟಿಂಗ್ ಮಷಿನ್‌ನ ವಾಟರ್ ಟೇಬಲ್ (ಕತ್ತರಿಸುವ ತಗಡಿನ ಕೆಳಗೆ ನೀರು ತುಂಬಿದ ಟ್ರೇ ಇರುವ ಮೇಜು) ಅಡಿಯಲ್ಲಿ ನೆಲ ಒದ್ದೆಯಾಗಿದ್ದು ಕಂಡರೆ ಹೆಚ್ಚಿನ ವರ್ಕ್‌ಶಾಪ್‌ಗಳಲ್ಲಿ ಮೊದಲು ಕೈ ಹೋಗುವುದು ಎಪಾಕ್ಸಿ ಪುಟ್ಟಿಗೆ, ಇಲ್ಲವೇ ಸಿಲಿಕೋನ್ ಟ್ಯೂಬಿಗೆ. ಹೊರಗಿನಿಂದ ಒಂದಿಷ್ಟು ಮೆತ್ತಿ ಕೆಲಸ ಶುರು ಮಾಡುತ್ತಾರೆ. ಕೆಲವು ದಿನ ನಿಲ್ಲುತ್ತದೆ. ಆಮೇಲೆ ಅದೇ ಜಾಗದಲ್ಲೋ, ಅರ್ಧ ಅಡಿ ಆಚೆಯೋ ಮತ್ತೆ ಜಿನುಗುತ್ತದೆ.

ಇದಕ್ಕೆ ಆ ಪುಟ್ಟಿಯನ್ನು ಬೈದು ಉಪಯೋಗವಿಲ್ಲ. ಆಯ್ಕೆ ಮಾಡಿದ ರೀತಿಯೇ ತಪ್ಪು. ತೂತು ಎಷ್ಟು ದೊಡ್ಡದು ಅನ್ನುವುದು ಮುಖ್ಯ ಅಲ್ಲ. ಅದರ ಸುತ್ತ ಗಟ್ಟಿ ತಗಡು ಎಷ್ಟು ಉಳಿದಿದೆ, ಆ ಜಾಗ ಅಲುಗಾಡುತ್ತದಾ ಇಲ್ಲವಾ – ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ದಾರಿ ಅನ್ನುವುದು ಮುಕ್ಕಾಲು ಭಾಗ ತೀರ್ಮಾನವಾದ ಹಾಗೆ.

ಪೀಣ್ಯದ ಗಲ್ಲಿಗಳಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ ಕಾಣುವಂಥ ಸಣ್ಣ ಮತ್ತು ಮಧ್ಯಮ ಫ್ಯಾಬ್ರಿಕೇಶನ್ ಶಾಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 4×8 ಅಥವಾ 5×10 ಅಡಿಯ ಸಿಎನ್‌ಸಿ ಟೇಬಲ್, ಸುಮಾರು 3 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಶೀಟಿನ ಟ್ರೇ, ಮೇಲೆ ಕತ್ತರಿಸುವ ಪ್ಲೇಟನ್ನು ಹೊರುವ ಪಟ್ಟಿಗಳು, ಒಳಗೆ ನಾಲ್ಕರಿಂದ ಆರು ಇಂಚು ನೀರು.

ಮೊದಲು: ಇದು ಸೋರಿಕೆಯೇ ಹೌದಾ?

4×8 ಅಡಿ ಟ್ರೇಯಲ್ಲಿ ನೀರು 1 ಮಿ.ಮೀ. ಇಳಿದರೆ ಸುಮಾರು 3 ಲೀಟರ್ ಹೋಯಿತು ಅಂತ ಲೆಕ್ಕ. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ಆವಿಯಾಗಿಯೇ ಇಷ್ಟು ಸುಲಭವಾಗಿ ಹೋಗುತ್ತದೆ. ಹಾಗಾಗಿ ಕೆಲಸವಿಲ್ಲದ ಒಂದು ದಿನ ಪಟ್ಟಿಗಳ ಮೇಲೆ ಅಗಲವಾದ ಬೇಸಿನ್‌ನಲ್ಲಿ ನೀರಿಟ್ಟು, ಬೇಸಿನ್ ಮತ್ತು ಟ್ರೇ ಎರಡರಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಮರುದಿನ ಎರಡೂ ಹೆಚ್ಚುಕಮ್ಮಿ ಒಂದೇ ಇಳಿದಿದ್ದರೆ ಅದು ಆವಿ. ಟ್ರೇಯಲ್ಲಿ ಜಾಸ್ತಿ ಇಳಿದಿದ್ದರೆ ಸೋರಿಕೆ.

ನೆಲ ಒದ್ದೆಯಾಗಲು ಬೇರೆ ಕಾರಣಗಳೂ ಇರುತ್ತವೆ. ಕತ್ತರಿಸುವಾಗ ಅಂಚಿನಿಂದ ಹಾರಿದ ನೀರು ಟ್ರೇಯ ಹೊರಗೋಡೆಯ ಮೇಲೆ ಇಳಿದು ಕೆಳಗೆ ಬಂದು ತೊಟ್ಟಿಕ್ಕುತ್ತದೆ. ಕರಾವಳಿಯ ಮಳೆಗಾಲದಲ್ಲಿ ಟ್ರೇಯ ಅಡಿ ಬೆವರುವುದೂ ಉಂಟು. ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಕಾದು ನೋಡಿ. ಬೆವರು ಎಲ್ಲ ಕಡೆ ಒಂದೇ ಸಮ ಮೂಡುತ್ತದೆ. ಸೋರಿಕೆ ಒಂದು ಬಿಂದುವಿನಿಂದ ಶುರುವಾಗುತ್ತದೆ.

ಒಂದು ಎಚ್ಚರಿಕೆ. ಪ್ಲಾಸ್ಮಾ ಮಷಿನ್‌ನ ತೆರೆದ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹೊತ್ತದೆ ಇರುವಾಗಿನ ವೋಲ್ಟೇಜ್) ಸಾಮಾನ್ಯವಾಗಿ 200 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ನೆಲದ ಮೇಲೆ ನೀರು ನಿಂತಿದ್ದರೆ, ಕೇಬಲ್ ಅಲ್ಲೇ ಹಾದು ಹೋಗಿದ್ದರೆ, ಅವತ್ತಿಗೆ ಕೆಲಸ ನಿಲ್ಲಿಸಿ. ಆರ್ಡರ್ ಒಂದು ದಿನ ತಡವಾದರೆ ಆಗಲಿ.

ಜಾಗ ಹುಡುಕುವುದು

ಟ್ರೇ ತುಂಬಿರುವಾಗಲೇ ಅಡಿಭಾಗವನ್ನು ಒಣಗಿಸಿ, ಸಂಶಯವಿರುವ ಜಾಯಿಂಟುಗಳಿಗೆ ಚಾಕ್ ಪೌಡರ್ ಬಳಿಯಿರಿ. ನೀರು ಎಲ್ಲಿ ಬರುತ್ತದೋ ಅಲ್ಲಿ ಪೌಡರ್ ಕಪ್ಪಾಗುತ್ತದೆ. ನೀರು ತಗಡಿನ ಕೆಳಗೆ ಅಂಟಿಕೊಂಡು ಹರಿದು ಎಲ್ಲೋ ದೂರದಲ್ಲಿ ಬೀಳುವುದರಿಂದ, ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುತ್ತದೆ ಅಂದುಕೊಳ್ಳಬೇಡಿ.

ಹೀಗೆ ಸಿಗದಿದ್ದರೆ ಟ್ರೇ ಖಾಲಿ ಮಾಡಿ ಒಣಗಿಸಿ. ಹೊರಗೆ ಚಾಕ್ ಬಳಿದು ಒಳಗಿನಿಂದ ಜಾಯಿಂಟಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ. ಟ್ಯಾಂಕ್ ಮಾಡುವವರು ಬಹಳ ಕಾಲದಿಂದ ಬಳಸುವ ಪರೀಕ್ಷೆ ಇದು. ಎಣ್ಣೆ ನೀರಿಗಿಂತ ಸಣ್ಣ ಸಂದಿಯಲ್ಲೂ ನುಸುಳುತ್ತದೆ. ಕೂದಲೆಳೆಯಂಥ ಬಿರುಕೂ ಚಾಕ್ ಮೇಲೆ ಕಲೆಯಾಗಿ ಕಾಣುತ್ತದೆ. ಆದರೆ ಆಮೇಲೆ ವೆಲ್ಡಿಂಗ್ ಮಾಡುವುದಿದ್ದರೆ ಆ ಎಣ್ಣೆಯನ್ನು ಪೂರ್ತಿ ತೊಳೆದು ಒರೆಸಲೇಬೇಕು. ಅಂಗಡಿಯಲ್ಲಿ ಡೈ ಪೆನೆಟ್ರೆಂಟ್ ಸ್ಪ್ರೇ (ಬಿರುಕಿನೊಳಗೆ ಇಳಿದು ಬಣ್ಣದಿಂದ ಅದನ್ನು ತೋರಿಸುವಂಥದ್ದು) ಇದ್ದರೆ ಇನ್ನೂ ಚೊಕ್ಕ.

ಜಾಗ ಸಿಕ್ಕ ಮೇಲೆ ಅಲ್ಲೇ ನಿಲ್ಲಬೇಡಿ. ಚಿಪ್ಪಿಂಗ್ ಹ್ಯಾಮರ್‌ನ ಚೂಪು ತುದಿಯಿಂದ ಸುತ್ತ ಒಂದು ಅಡಿ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಖಣಖಣ ಅನ್ನುತ್ತದೆ. ಸವೆದ ತಗಡು ಮಂದವಾಗಿ ಸದ್ದು ಮಾಡುತ್ತದೆ, ಕೆಲವು ಕಡೆ ತುದಿ ಒಳಕ್ಕೇ ಇಳಿಯುತ್ತದೆ. ಈ ಐದು ನಿಮಿಷದ ಕೆಲಸವೇ ಮುಂದಿನ ತೀರ್ಮಾನಕ್ಕೆ ಆಧಾರ.

ನೋಟದಲ್ಲೂ ಸುಳಿವು ಇರುತ್ತದೆ. ಟ್ರೇಯ ನಡುವೆ ಒಂಟಿಯಾಗಿ, ಕರಗಿದ ಅಂಚಿನ ದುಂಡು ತೂತು ಇದ್ದರೆ ಅದು ಟಾರ್ಚ್ ಸುಟ್ಟ ತೂತು. ನೀರು ಕಡಿಮೆ ಇದ್ದಾಗ ಒಂದೇ ಕಡೆ ಮತ್ತೆ ಮತ್ತೆ ಪಿಯರ್ಸ್ ಮಾಡಿದರೆ (ಕತ್ತರಿಸಲು ಶುರುಮಾಡುವಾಗ ಪ್ಲೇಟಿಗೆ ಟಾರ್ಚ್‌ನಿಂದ ತೂತು ಹೊಡೆದರೆ) ಹೀಗಾಗುತ್ತದೆ. ಅದರ ಸುತ್ತ ತಗಡು ಗಟ್ಟಿಯಾಗೇ ಇರುತ್ತದೆ. ಸೂಜಿಮೊನೆಯಂಥ ತೂತುಗಳು ಗುಂಪಾಗಿದ್ದರೆ, ಪದರ ಏಳುತ್ತಿದ್ದರೆ, ಅದು ತುಕ್ಕು. ಕಾಲು ಅಥವಾ ಫ್ರೇಮಿನ ಬಳಿ, ಮೂಲೆಯ ವೆಲ್ಡಿಂಗಿನ ಪಕ್ಕ ಗೆರೆಯಂತೆ ಇದ್ದರೆ ಅದು ಅಲುಗಾಟದಿಂದ ಬಂದ ಬಿರುಕು.

ವಾಲ್ವ್ ಇದ್ದರೆ ಅದನ್ನೇ ಮೊದಲು ನೋಡಿ

ಡ್ರೈನ್ ವಾಲ್ವ್ ಸೋರಿಕೆಗೆ ಇಷ್ಟೊಂದು ಯೋಚನೆ ಬೇಡ. ಸ್ಲ್ಯಾಗ್ (ಕತ್ತರಿಸುವಾಗ ಕರಗಿ ಬೀಳುವ ಲೋಹದ ಕಿಟ್ಟ) ಪುಡಿ ಬಾಲ್ ವಾಲ್ವ್‌ನ ಸೀಟಿನಲ್ಲಿ ಕೂತು ಗೀರುತ್ತದೆ. ಅಂಥ ವಾಲ್ವನ್ನು ರಿಪೇರಿ ಮಾಡುವುದಕ್ಕಿಂತ ಬದಲಿಸುವುದೇ ವಾಸಿ. ಥ್ರೆಡ್‌ನಲ್ಲಿ ಜಿನುಗಿದರೆ ಬಿಚ್ಚಿ, ವೈರ್ ಬ್ರಷ್ ಹಾಕಿ, ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ. ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ ಹಾಕಿದ್ದರೆ ವಾಷರ್ ಗಟ್ಟಿಯಾಗಿರುತ್ತದೆ, ಹೊಸದು ಹಾಕಿ. ಸಾಧ್ಯವಾದರೆ ಟ್ರೇಗೆ ಒಂದು ಸ್ಟೀಲ್ ಸಾಕೆಟ್ ವೆಲ್ಡ್ ಮಾಡಿಸಿಬಿಡಿ. ಬಿಸಿ ಸ್ಲ್ಯಾಗ್ ಬೀಳುವ ಜಾಗದಲ್ಲಿ ಪ್ಲಾಸ್ಟಿಕ್ ಬೇಡ.

ಖಾಲಿ ಮಾಡುವಾಗ

ಸ್ಟೇನ್‌ಲೆಸ್ ಕತ್ತರಿಸಿದ ಟೇಬಲ್‌ನ ಕೆಸರಿನಲ್ಲಿ ಕ್ರೋಮಿಯಂ ಇರುತ್ತದೆ. ಅದರಲ್ಲಿ ಹೆಕ್ಸಾವಲೆಂಟ್ ರೂಪದ್ದು ಕ್ಯಾನ್ಸರ್ ತರುವಂಥದ್ದು. ಕೈಗವಸು ಹಾಕಿಕೊಂಡೇ ತೆಗೆಯಿರಿ. ಚರಂಡಿಗೆ ಬಿಡಬೇಡಿ. ಡ್ರಮ್ಮಿನಲ್ಲಿ ತುಂಬಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ.

ಅಲ್ಯೂಮಿನಿಯಂ ಕತ್ತರಿಸಿದ್ದರೆ ಇನ್ನೊಂದು ಅಪಾಯ. ಅಲ್ಯೂಮಿನಿಯಂನ ಸಣ್ಣ ಕಣಗಳು ನೀರಿನ ಜೊತೆ ಸೇರಿ ಹೈಡ್ರೋಜನ್ ಬಿಡುತ್ತವೆ. ಆ ಅನಿಲ ಕೆಸರಿನೊಳಗೆ, ಶೀಟಿನ ಕೆಳಗೆ ಸೇರಿಕೊಂಡು ಕಿಡಿ ತಾಗಿದರೆ ಸ್ಫೋಟವಾಗುತ್ತದೆ. ಕೆಸರನ್ನು ಪೂರ್ತಿ ಬಾಚಿ ತೆಗೆದು, ಫ್ಯಾನ್ ಹಾಕಿ ಗಾಳಿಯಾಡಿಸದೆ ವೆಲ್ಡಿಂಗ್ ಅಥವಾ ಗ್ರೈಂಡರ್ ಮುಟ್ಟಲೇಬೇಡಿ. ನೀರು ಮೇಲೆ ಕೆಳಗೆ ಮಾಡಲು ಅಡಿಯಲ್ಲಿ ಗಾಳಿಯ ಚೇಂಬರ್ ಇರುವ ಟೇಬಲ್ ಆದರೆ, ಆ ಚೇಂಬರನ್ನು ತೆರೆದಿಟ್ಟು ಗಾಳಿ ಹಾಯಿಸಿದ ಮೇಲೆಯೇ ಬಿಸಿ ಕೆಲಸ.

ವೆಲ್ಡಿಂಗ್: ತಗಡು ಗಟ್ಟಿ ಇದ್ದರೆ ಇದೇ ಮೊದಲ ಆಯ್ಕೆ

ಟಾರ್ಚ್ ಸುಟ್ಟ ತೂತು, ಮೂಲೆಯ ಬಿರುಕು, ಅರ್ಧಂಬರ್ಧ ಟ್ಯಾಕ್ ಹೊಡೆದು ಬಿಟ್ಟ ಜಾಯಿಂಟು – ಈ ಮೂರಕ್ಕೂ ವೆಲ್ಡಿಂಗ್ ಬಿಟ್ಟು ಬೇರೆ ಯೋಚಿಸಬೇಡಿ. ಬಿಸಿ ಸ್ಲ್ಯಾಗ್‌ಗೆ ಅದು ಜಗ್ಗುವುದಿಲ್ಲ, ಬಾಳಿಕೆ ಟ್ರೇಯಷ್ಟೇ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಖರ್ಚೂ ಕಡಿಮೆ, ಎಲ್ಲ ಸಾಮಾನೂ ಕೈಗೆ ಸಿಗುವಂತೆಯೇ ಇರುತ್ತದೆ.

ಕಷ್ಟ ಇರುವುದು ಒಣಗಿಸುವುದರಲ್ಲಿ. ಜಾಯಿಂಟಿನ ಸಂದಿಯಲ್ಲಿ ನಿಂತ ನೀರು ಕಾವು ತಾಗಿದ ಕೂಡಲೇ ಆವಿಯಾಗಿ ಹೊರಬರುತ್ತದೆ. ಬೀಡ್ (ವೆಲ್ಡಿಂಗಿನ ಗೆರೆ) ತುಂಬಾ ಗುಳ್ಳೆ ಬೀಳುತ್ತದೆ. ಗ್ಯಾಸ್ ಟಾರ್ಚ್‌ನಿಂದ ನಿಧಾನವಾಗಿ ಕಾಯಿಸಿ ಆವಿ ನಿಲ್ಲುವ ತನಕ ಕಾಯಬೇಕು. ಹಳೆಯ ಸಿಲಿಕೋನ್ ಇದ್ದರೆ ಬಿಳಿ ಲೋಹ ಕಾಣುವ ತನಕ ಗ್ರೈಂಡ್ ಮಾಡಬೇಕು.

3 ಮಿ.ಮೀ. ಶೀಟಿಗೆ 2.5 ಮಿ.ಮೀ.ಯ 6013 ರಾಡು, 60–80 ಆಂಪಿಯರ್ ಸಾಕು. ಮಿಗ್ ಇದ್ದರೆ 0.8 ಮಿ.ಮೀ. ವೈರ್. ಒಂದೇ ಓಟದಲ್ಲಿ ಉದ್ದಕ್ಕೆ ಎಳೆದರೆ ಟ್ರೇಯ ತಳ ಅಲೆಯಂತೆ ಏಳುತ್ತದೆ. ಒಂದೊಂದು ಇಂಚು ಹೊಡೆದು, ಸ್ವಲ್ಪ ಬಿಟ್ಟು ಮುಂದೆ ಹೋಗಿ, ತಣ್ಣಗಾದ ಮೇಲೆ ನಡುವೆ ತುಂಬಿ. ಬಿರುಕು ಆದರೆ ಅದರ ಎರಡೂ ತುದಿಗೆ 3 ಮಿ.ಮೀ. ಡ್ರಿಲ್ ಹಾಕಿ ಆಮೇಲೆ ವೆಲ್ಡ್ ಮಾಡಿ, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ಸಣ್ಣ ತೂತಿಗೆ ಹಿಂದೆ ತಾಮ್ರದ ಪಟ್ಟಿ ಒತ್ತಿಹಿಡಿದು ತುಂಬಬಹುದು. ತಾಮ್ರಕ್ಕೆ ವೆಲ್ಡ್ ಅಂಟುವುದಿಲ್ಲ. 6 ಮಿ.ಮೀ.ಗಿಂತ ದೊಡ್ಡ ತೂತಿಗೆ ಮೂಲೆ ದುಂಡು ಮಾಡಿದ ತೇಪೆ ಇಟ್ಟು, ಎಲ್ಲ ಕಡೆ ಒಂದು ಇಂಚು ಹೆಚ್ಚಿರುವಂತೆ ನೋಡಿಕೊಂಡು, ಒಳಗಿನಿಂದ ಸುತ್ತ ಪೂರ್ತಿ ವೆಲ್ಡ್ ಮಾಡಿ.

ಸಿಎನ್‌ಸಿ ಟೇಬಲ್ ಅನ್ನುವುದನ್ನು ಮರೆಯಬಾರದು. ಅರ್ಥ್ ಕ್ಲಾಂಪನ್ನು ಟ್ರೇಗೇ, ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಿ. ಗ್ಯಾಂಟ್ರಿಗೆ (ಟಾರ್ಚ್ ಹೊತ್ತು ಓಡಾಡುವ ಅಡ್ಡ ಚೌಕಟ್ಟಿಗೆ) ಹಾಕಿದರೆ ಕರೆಂಟು ರೈಲು, ಬೇರಿಂಗ್ ಮೂಲಕ ಹಾದು ಅವನ್ನು ಕೆಡಿಸುತ್ತದೆ. ಕಂಟ್ರೋಲರ್, ಮೋಟಾರ್ ಡ್ರೈವ್, ಹೈಟ್ ಕಂಟ್ರೋಲ್ ಎಲ್ಲದರ ಕನೆಕ್ಟರ್ ಬಿಚ್ಚಿಡಿ. ಟ್ರೇ ಜಿ.ಐ. (ಸತು ಲೇಪಿಸಿದ) ಶೀಟಿನದ್ದಾದರೆ ಸತುವಿನ ಹೊಗೆ ಬರುತ್ತದೆ, ಅದನ್ನು ಉಸಿರಾಡಿದರೆ ಜ್ವರ ಹಿಡಿಸುತ್ತದೆ. ವೆಲ್ಡ್ ಮಾಡುವ ಜಾಗದ ಸುತ್ತ ಒಂದು ಇಂಚು ಪದರ ತೆಗೆದು, ಬಾಗಿಲು ಕಿಟಕಿ ತೆರೆದು ಕೆಲಸ ಮಾಡಿ.

ಮುಗಿದ ಮೇಲೆ ಎರಡು ಪ್ಯಾಕಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಪೇಂಟ್ ಸುಟ್ಟು ಬರಿದಾದ ಆ ಜಾಗಕ್ಕೇ ತುಕ್ಕು ಮೊದಲು ಬರುವುದು.

ವೆಲ್ಡಿಂಗ್ ಯಾವಾಗ ಬೇಡ? ತುಕ್ಕು ತಿಂದು ತಗಡು ಮಿಲಿಮೀಟರಿಗೆ ಇಳಿದಿದ್ದರೆ ಬೇಡ. ಒಂದು ತೂತು ಮುಚ್ಚಲು ಹೋದರೆ ಪಕ್ಕದಲ್ಲಿ ಎರಡು ತೆರೆಯುತ್ತವೆ. ಹಳೆಯ ಸೀರೆಗೆ ಹೊಸ ತೇಪೆ ಹಾಕಿದ ಹಾಗೆ, ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಎಪಾಕ್ಸಿ: ಅಲುಗದ ಜಾಗದ ಸಣ್ಣ ತೂತಿಗೆ

ಕೈಯಲ್ಲಿ ನಾದುವ ಪುಟ್ಟಿ ಬೇರೆ, ಸ್ಟೀಲ್ ಪುಡಿ ಸೇರಿಸಿದ ಎರಡು ಭಾಗದ ಪೇಸ್ಟ್ ಬೇರೆ. ಟ್ರೇಗೆ ಎರಡನೆಯದು ವಾಸಿ. ನೀರೊಳಗೇ ಗಟ್ಟಿಯಾಗುವ ಎಪಾಕ್ಸಿಯೂ ಸಿಗುತ್ತದೆ. ಆರ್ಡರ್ ಮುಗಿಯುವ ತನಕ ತಡೆಯಲು ಅದು ಒಳ್ಳೆಯದು, ಶಾಶ್ವತ ಪರಿಹಾರ ಅಂತ ನಂಬಬೇಡಿ.

ನೀರಿನ ಒತ್ತಡಕ್ಕೆ ಎಪಾಕ್ಸಿ ಕಿತ್ತು ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. 15 ಸೆಂ.ಮೀ. ನೀರು ಒಂದು ಚದರ ಸೆಂಟಿಮೀಟರಿಗೆ ಒತ್ತುವುದು ಬರೀ 15 ಗ್ರಾಂ. ಅದು ಏನೂ ಅಲ್ಲ. ಕೀಳುವುದು ಕೆಳಗೆ ನುಸುಳುವ ತುಕ್ಕು ಮತ್ತು ತಗಡಿನ ಬಾಗುವಿಕೆ. 4×8 ಟ್ರೇಯಲ್ಲಿ 15 ಸೆಂ.ಮೀ. ನೀರು ಅಂದರೆ ಸುಮಾರು 445 ಕಿಲೋ. ಮೇಲೆ ಅದೇ ಅಳತೆಯ 10 ಮಿ.ಮೀ. ಪ್ಲೇಟ್ ಇಟ್ಟರೆ ಇನ್ನೂ 230 ಕಿಲೋ. ಇಷ್ಟು ಭಾರ ಏರಿ ಇಳಿದಾಗ ತಗಡು ಸ್ವಲ್ಪ ಬಾಗುತ್ತದೆ, ಎಪಾಕ್ಸಿ ಬಾಗುವುದಿಲ್ಲ. ಅಂಚು ಬಿಡುತ್ತದೆ. ಆದ್ದರಿಂದ ಮೂಲೆಯ ಬಿರುಕಿಗೆ, ಕಾಲಿನ ಪಕ್ಕದ ಬಿರುಕಿಗೆ ಎಪಾಕ್ಸಿ ಹಾಕಿದರೆ ದುಡ್ಡು ದಂಡ.

ಹಾಕುವುದಾದರೆ ಒಳಗಿನಿಂದಲೇ ಹಾಕಿ. ಹೊರಗಿನಿಂದ ಹಾಕಿದರೆ ತಗಡಿಗೂ ಎಪಾಕ್ಸಿಗೂ ನಡುವೆ ನೀರು ನಿಂತು ಅಲ್ಲೇ ತುಕ್ಕು ಬೆಳೆಯುತ್ತದೆ. ತೂತಿನ ಸುತ್ತ ಎರಡು ಇಂಚು ಒರಟು ಫ್ಲಾಪ್ ಡಿಸ್ಕ್ ಹಾಕಿ ಹೊಳೆಯುವ ಲೋಹ ಬರಿಸಿ, ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬೆರಳಿನಲ್ಲೂ ಮುಟ್ಟಬೇಡಿ. ಪೇಸ್ಟ್ ಮೇಲೆ ಗ್ಲಾಸ್ ಬಟ್ಟೆಯ ತುಂಡು ಒತ್ತಿ ಮತ್ತೊಂದು ಪದರ ಹಾಕಿ. ಕನಿಷ್ಠ ಒಂದು ದಿನ ಒಣಗಲಿ. ಮಲೆನಾಡಿನ ಮಳೆಗಾಲದಲ್ಲಿ ಹ್ಯಾಲೊಜನ್ ಲೈಟ್ ಹಾಕಿ ಬೆಚ್ಚಗಿಟ್ಟರೆ ಒಳ್ಳೆಯದು.

ಪಿಯು ಸೀಲಂಟ್, ಸಿಲಿಕೋನ್

ಎರಡು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿದ ಟ್ರೇಗಳಿವೆ. ದೊಡ್ಡ ಟೇಬಲ್ ಸಾಗಿಸಲು ಹೀಗೆ ಮಾಡುತ್ತಾರೆ. ಆ ಜಾಯಿಂಟು ಅಲುಗಿಯೇ ಅಲುಗುತ್ತದೆ. ಅಲ್ಲಿ ಪಾಲಿಯುರಿಥೇನ್ ಸೀಲಂಟ್ ಸರಿ, ಅಂದರೆ ಬಸ್ಸಿನ ಬಾಡಿ ಕಟ್ಟುವವರು ಬಳಸುವಂಥದ್ದು. ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ.

ಮೇಲಿನಿಂದ ಸುಮ್ನೆ ಸವರಿದರೆ ಪ್ರಯೋಜನವಿಲ್ಲ. ಬೋಲ್ಟ್ ಬಿಚ್ಚಿ, ಎರಡೂ ಮುಖ ಶುಚಿ ಮಾಡಿ, ಬೋಲ್ಟ್ ತೂತುಗಳ ಎರಡೂ ಬದಿಗೆ ಗೆರೆ ಎಳೆಯಬೇಕು. ಮೊದಲು ಕೈಯಲ್ಲಷ್ಟೇ ಬಿಗಿ ಮಾಡಿ, ಸಂದಿಯಲ್ಲಿ ಒಂದೆರಡು ಮಿ.ಮೀ. ಪದರ ಉಳಿಯಲಿ. ಗಟ್ಟಿಯಾದ ಮೇಲೆ ಸ್ಪ್ಯಾನರ್ ಹಾಕಿ. ಒಂದೇ ಸಲ ಪೂರ್ತಿ ಬಿಗಿದರೆ ಎಲ್ಲಾ ಹೊರಗೆ ಹಿಂಡಿ ಬಂದು ಒಳಗೆ ಏನೂ ಉಳಿಯುವುದಿಲ್ಲ. ಪಿಯು ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ದಿನಕ್ಕೆ ಸುಮಾರು 3 ಮಿ.ಮೀ. ಒಳಕ್ಕೆ ಹೋಗುತ್ತದೆ. ಬೋಲ್ಟ್ ಹಾಕಿದ ಮುಖಗಳ ನಡುವೆ ಗಾಳಿ ಹೋಗುವುದು ಕಡಿಮೆ, ಅಲ್ಲಿ ಇನ್ನೂ ಜಾಸ್ತಿ ದಿನ ಬೇಕು. ಬಿಸಿ ಸ್ಲ್ಯಾಗ್ ಬಿದ್ದರೆ ಸುಡುತ್ತದೆ. ಹಾಗಾಗಿ ಜಾಯಿಂಟಿನ ಮೇಲೆ ಒಂದು ಫ್ಲ್ಯಾಟ್ ಪಟ್ಟಿಯನ್ನು ಬಿಡಿಯಾಗಿ ಮುಚ್ಚಿಡಿ.

ಸಿಲಿಕೋನ್ ಬಗ್ಗೆ ನನಗೆ ಖಡಾಖಂಡಿತ ಅಭಿಪ್ರಾಯವಿದೆ: ಟ್ರೇಗೆ ಬೇಡ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು ಸ್ಟೀಲಿಗೆ ತುಕ್ಕು ಹಿಡಿಸುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್‌ಗೆ ಆ ದೋಷ ಇಲ್ಲ. ಆದರೂ ಒಮ್ಮೆ ಸಿಲಿಕೋನ್ ತಾಗಿದ ಜಾಗಕ್ಕೆ ಮುಂದೆ ಪೇಂಟ್ ಹಿಡಿಯಲ್ಲ, ಎಪಾಕ್ಸಿ ಹಿಡಿಯಲ್ಲ, ವೆಲ್ಡೂ ಕೆಡುತ್ತದೆ. ಇವತ್ತಿನ ಅಗ್ಗದ ಕೆಲಸ ನಾಳೆಯ ಎಲ್ಲ ದಾರಿಗಳನ್ನೂ ಮುಚ್ಚುತ್ತದೆ.

ಫೈಬರ್ ಲೈನಿಂಗ್: ತುಕ್ಕು ಹರಡಿದ್ದರೆ

ತಳದ ಅರ್ಧ ಭಾಗ ಸವೆದಿದೆ, ಆದರೆ ಫ್ರೇಮ್ ಗಟ್ಟಿಯಾಗಿ ಹೊತ್ತು ನಿಂತಿದೆ ಅಂದರೆ ಒಳಗೆ ಪೂರ್ತಿ ಫೈಬರ್ ಗ್ಲಾಸ್ ಪದರ ಹಾಕಬಹುದು. ಅಗ್ಗದ ಪಾಲಿಯೆಸ್ಟರ್ ರೆಸಿನ್ ಸ್ಟೀಲಿಗೆ ಅಷ್ಟು ಚೆನ್ನಾಗಿ ಅಂಟುವುದಿಲ್ಲ. ಎಪಾಕ್ಸಿ ರೆಸಿನ್ ದುಬಾರಿ, ಆದರೆ ಅಂಟು ಗಟ್ಟಿ. ಎಪಾಕ್ಸಿ ಆರಿಸಿದರೆ ನೇಯ್ದ ಗ್ಲಾಸ್ ಬಟ್ಟೆ ತೆಗೆದುಕೊಳ್ಳಿ. ಸಾಮಾನ್ಯ ಚಾಪ್ಡ್ ಮ್ಯಾಟ್‌ನಲ್ಲಿರುವ ಅಂಟು ಕರಗಲು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಬೇಕು. ಎಪಾಕ್ಸಿಯಲ್ಲಿ ಅದು ಸರಿಯಾಗಿ ನೆನೆಯುವುದಿಲ್ಲ. ಪಾಲಿಯೆಸ್ಟರ್ ಬಳಸುವವರು ಕೋಬಾಲ್ಟ್ (ಬೇಗ ಗಟ್ಟಿಯಾಗಲು ಹಾಕುವ ದ್ರಾವಣ) ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಉರಿ ಹೊತ್ತಿಕೊಳ್ಳುತ್ತದೆ. ಮೊದಲು ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಇನ್ನೊಂದು.

ಈ ಆಯ್ಕೆಯ ಬಲಹೀನತೆ ಬೆಂಕಿ. ನೀರು ಕಡಿಮೆಯಾದಾಗ ಒಂದು ಪಿಯರ್ಸ್ ಸಾಕು, ಪದರ ಸುಟ್ಟು ತೂತಾಗುತ್ತದೆ. ಫೈಬರ್ ಹಾಕಿದರೆ ಅದರ ಮೇಲೆ 2–3 ಮಿ.ಮೀ. ಶೀಟನ್ನು ಬಿಡಿಯಾಗಿ ಹಾಸಿ, ಅಂಚು ಪದರವನ್ನು ಗೀರದಂತೆ ಮಡಚಿ. ಸುಟ್ಟರೆ ಆ ಶೀಟು ಸುಡಲಿ, ಬದಲಿಸಬಹುದು. ಪಿಕಪ್ ಗಾಡಿಗೆ ಹೊಡೆಯುವ ಪಾಲಿಯೂರಿಯಾ ಸ್ಪ್ರೇಯೂ ಇದೇ ವರ್ಗಕ್ಕೆ ಸೇರಿದ್ದು. ಅದು ಬಾಗುತ್ತದೆ, ಆದರೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಬೇಕು, ಹೊರಗಿನವರನ್ನು ಕರೆಸಬೇಕು. ಒಂದು ಟ್ರೇಗಾಗಿ ಅಷ್ಟು ಬೇಕಾ ಅಂತ ಯೋಚಿಸಿ.

ಟ್ರೇಯೊಳಗೆ ಇನ್ನೊಂದು ಟ್ರೇ

ಫೈಬರ್‌ಗೆ ಖರ್ಚು ಮಾಡುವ ಮೊದಲು ಇದನ್ನು ಲೆಕ್ಕ ಹಾಕಿ. ಹಳೆಯ ಟ್ರೇ ತೆಗೆಯದೆ, ಅದರೊಳಗೆ ಕೂರುವಂತೆ 3 ಮಿ.ಮೀ. ಶೀಟಿನಲ್ಲಿ ಹೊಸದನ್ನು ಮಾಡಿ ಇಳಿಸುವುದು. ಹಳೆಯದು ಬರೀ ತೊಟ್ಟಿಲಾಗಿ ಉಳಿಯುತ್ತದೆ. ಬದಿಗಳನ್ನು ಬೆಂಡಿಂಗ್ ಮಷಿನ್‌ನಲ್ಲಿ ಮಡಚಿಸಿದರೆ ವೆಲ್ಡ್ ಮಾಡಬೇಕಾಗುವುದು ನಾಲ್ಕು ಮೂಲೆ ಮಾತ್ರ. ವೆಲ್ಡ್ ಕಡಿಮೆಯಾದಷ್ಟೂ ಸೋರುವ ಜಾಗ ಕಡಿಮೆ. ಸ್ವಂತ ವರ್ಕ್‌ಶಾಪ್ ಇರುವವರಿಗೆ, ತುಕ್ಕು ಹರಡಿದ ಟ್ರೇಗೆ, ನಾನು ಫೈಬರ್‌ಗಿಂತ ಮೊದಲು ಹೇಳುವುದು ಇದನ್ನೇ. ಇಳಿಸುವ ಮೊದಲು ಹಳೆಯದರ ತುಕ್ಕು ಕೆರೆದು ಪೇಂಟ್ ಮಾಡಿ, ತಳದಲ್ಲಿ ಒಂದೆರಡು ತೂತು ಬಿಡಿ. ಮುಂದೆ ಹೊಸದು ಸೋರಿದರೆ ನೀರು ನಡುವೆ ಅಡಗಿ ಕೂರದೆ ಕೆಳಗೆ ಕಾಣಿಸುತ್ತದೆ.

ಸ್ಟೇನ್‌ಲೆಸ್ ಟ್ರೇ ಮಾಡಿಸಬೇಕಾ? ದುಡ್ಡಿದ್ದರೆ ಬೇಡ ಅನ್ನುವುದಿಲ್ಲ. ಆದರೆ ಎಂ.ಎಸ್. ಸ್ಲ್ಯಾಗ್ ಅದರ ಮೇಲೆ ಕೂತು ತುಕ್ಕಿನ ಕಲೆ ಬರುತ್ತದೆ, ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ ಅದೂ ಸಣ್ಣ ಗುಳಿ ಬಿದ್ದು ತೂತಾಗುತ್ತದೆ. ಅದೇ ಹಣಕ್ಕೆ 5 ಮಿ.ಮೀ. ಎಂ.ಎಸ್. ಟ್ರೇ, ಒಳ್ಳೆಯ ಎಪಾಕ್ಸಿ ಪೇಂಟ್, ನೀರಿಗೆ ತುಕ್ಕು ತಡೆಯುವ ದ್ರಾವಣ – ಹೆಚ್ಚಿನವರಿಗೆ ಇದು ಹೊಂದುತ್ತದೆ.

ಮತ್ತೆ ನೀರು ತುಂಬುವ ಮೊದಲು

ಟೇಬಲ್‌ನ ಕಾಲುಗಳ ಮಟ್ಟ ನೋಡಿ. ಒಂದು ಕಾಲು ನೆಲಕ್ಕೆ ಸರಿಯಾಗಿ ತಾಗದಿದ್ದರೆ ಅದೇ ಮೂಲೆ ಮತ್ತೆ ಬಿರುಕು ಬಿಡುತ್ತದೆ. ಮೂಲೆಯ ಬಿರುಕು ವೆಲ್ಡ್ ಮಾಡಿದ್ದರೆ ಅಡಿಗೆ ಒಂದು ಆಂಗಲ್ ಕೊಟ್ಟು ಬಲ ಕೊಡಿ.

ನೀರನ್ನು ಒಮ್ಮೆಲೇ ತುಂಬಬೇಡಿ. ಮೊದಲು ಒಂದು ಇಂಚು ತುಂಬಿ ಒಂದು ಗಂಟೆ ಬಿಡಿ, ಅಡಿಗೆ ಚಾಕ್ ಬಳಿದು ನೋಡಿ. ಆಮೇಲೆ ಅರ್ಧ, ಆಮೇಲೆ ಪೂರ್ತಿ. ಪೂರ್ತಿ ತುಂಬಿದ ಮೇಲೆ ಪಟ್ಟಿಗಳ ಮೇಲೆ ನಿಮ್ಮಲ್ಲಿರುವ ಅತಿ ಭಾರದ ಪ್ಲೇಟನ್ನು ಇಟ್ಟು ರಾತ್ರಿಯಿಡೀ ಬಿಡಿ. ಭಾರ ಬಿದ್ದಾಗ ಮಾತ್ರ ತೆರೆದುಕೊಳ್ಳುವ ಬಿರುಕು ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ.

ಕೆಲಸ ಮಾಡುವಾಗ ತಳದ ಮೇಲೆ ಕನಿಷ್ಠ ಮೂರು ನಾಲ್ಕು ಇಂಚು ನೀರು ಇರಲಿ. ಕೆಸರು ಗುಡ್ಡೆಯಾಗಿ ನೀರಿನ ಮಟ್ಟ ಮುಟ್ಟುವ ತನಕ ಬಿಡಬೇಡಿ. ಅದರ ಅಡಿಯಲ್ಲಿ ಪೇಂಟ್ ಸವೆದು ತುಕ್ಕು ಶುರುವಾಗುತ್ತದೆ, ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಪಾಚಿ ವಾಸನೆ ಬಂತು ಅಂತ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ, ಅದು ಬೇಡ. ಪ್ಲಾಸ್ಮಾ ಟೇಬಲ್‌ಗೆಂದೇ ಬರುವ ದ್ರಾವಣ ಹಾಕಿ, ಪಿಎಚ್ ಪಟ್ಟಿಯಲ್ಲಿ ಆಗಾಗ ನೋಡಿ. 8–9ರ ಆಸುಪಾಸಿನಲ್ಲಿದ್ದರೆ ಸರಿ. 7ರ ಕೆಳಗೆ ಇಳಿದಿದ್ದರೆ ನೀರು ಬದಲಿಸಿ.